ಸೆಟ್ ಟಾಪ್ ಬಾಕ್ಸ್ ಬಿಡಿ, ಟಿವಿ ಕಾರ್ಡ್ ಹಾಕಿ

ಲಿನಕ್ಸ್ ಪಿಸಿಗೆ ಟಿವಿ ಕಾರ್ಡ್ ಹಾಕಿ ಹೋಮ್ ಥಿಯೇಟರ್ ಮಾಡ್ಕೋಬೇಕು ಅಂತ ಈಗ ಯಾರಾದರೂ ಹೇಳಿದರೆ, ಎದುರಿಗಿರುವವರ ಬಾಯಿಂದ ಬರುವ ಮೊದಲ ಮಾತು ಒಂದೇ: “ಲೋ, ಎಲ್ಲಾ ಫೋನಲ್ಲೇ ಸಿಗುತ್ತಲ್ಲೋ, ಈಗ್ಯಾಕೆ ಇದು?” ಪ್ರಶ್ನೆ ಸರಿಯಾಗೇ ಇದೆ. ಅದಕ್ಕೆ ಸರಿಯಾದ ಉತ್ತರ ಕೊಡೋಣ ಅಂತಲೇ ಈ ಬರಹ.

ನನ್ನ ವಾದ ಇಷ್ಟು. ಟಿವಿ ನೋಡೋದಕ್ಕೆ ಇದು ಸುಲಭದ ದಾರಿ ಅಲ್ಲ, ಅಗ್ಗದ ದಾರಿಯೂ ಅಲ್ಲ. ಆದರೂ ಎಂಜಿನಿಯರಿಂಗ್ ಓದುತ್ತಿರುವವರು ನಾಲ್ಕು ವರ್ಷದೊಳಗೆ ಒಮ್ಮೆಯಾದರೂ ಕಟ್ಟಬೇಕಾದ ಯಂತ್ರ ಇದು. ಕಾರಣ ಎರಡು. ಒಂದು, ಉಪಗ್ರಹದಿಂದ ಹೊರಟ ಸಿಗ್ನಲ್ ಪರದೆಯ ಮೇಲೆ ಚಿತ್ರವಾಗುವ ತನಕ ಪ್ರತಿಯೊಂದು ಹಂತದ ಮುಚ್ಚಳವನ್ನೂ ಇಲ್ಲಿ ತೆಗೆದು ನೋಡಬಹುದು. ಎರಡು, ಇದರಲ್ಲಿ ನೀವು ರೆಕಾರ್ಡ್ ಮಾಡಿಕೊಂಡ ಫೈಲು ನಿಮ್ಮ ಹತ್ತಿರವೇ ಉಳಿಯುತ್ತದೆ, ಕಂಪನಿಯ ಡಬ್ಬದೊಳಗೆ ಅಲ್ಲ. ಈ ಎರಡನೆಯದನ್ನು ನಾವು ತೀರಾ ಹಗುರವಾಗಿ ತಗೊಂಡಿದ್ದೀವಿ ಅನ್ನೋದು ನನ್ನ ದೂರು.

ಮೊದಲು ಸ್ವಲ್ಪ ಹಳೇ ಕಥೆ

1999ರಲ್ಲಿ ಅಮೆರಿಕದಲ್ಲಿ ಟಿವೋ ಎಂಬ ಡಬ್ಬ ಮಾರುಕಟ್ಟೆಗೆ ಬಂತು. ಟಿವಿ ಕಾರ್ಯಕ್ರಮವನ್ನು ಹಾರ್ಡ್ ಡಿಸ್ಕ್‌ಗೆ ಬರೆದುಕೊಂಡು, ಬೇಕಾದಾಗ ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡುವ ಸೌಲಭ್ಯವನ್ನು ಮನೆಮನೆಗೆ ತಂದವರಲ್ಲಿ ಅದು ಮೊದಲಿನದು. ಒಳಗೆ ಓಡುತ್ತಿದ್ದದ್ದು ಲಿನಕ್ಸ್ ಕರ್ನಲ್. ಲೈಸೆನ್ಸಿನ ಪ್ರಕಾರ ಕಂಪನಿ ಸೋರ್ಸ್ ಕೋಡನ್ನೂ ಕೊಟ್ಟಿತು. ಆದರೆ ನೀವು ಆ ಕೋಡನ್ನು ತಿದ್ದಿ ಮತ್ತೆ ಡಬ್ಬಕ್ಕೆ ಹಾಕಿದರೆ ಡಬ್ಬ ಅದನ್ನು ಓಡಿಸುತ್ತಿರಲಿಲ್ಲ, ಸಹಿ ಹೊಂದುತ್ತಿಲ್ಲ ಅಂತ ನಿರಾಕರಿಸುತ್ತಿತ್ತು. ಓದಬಹುದು, ಬದಲಾಯಿಸಿ ಬಳಸೋ ಹಾಗಿಲ್ಲ. ಇದೇ ಜಗಳ ಬೆಳೆದು “ಟಿವೋಯಿಸೇಶನ್” ಅಂತ ಒಂದು ಪದವೇ ಹುಟ್ಟಿತು. 2007ರ ಜೂನ್‌ನಲ್ಲಿ ಬಂದ ಜಿಪಿಎಲ್ ಮೂರನೇ ಆವೃತ್ತಿಯಲ್ಲಿ ಇದನ್ನು ತಡೆಯುವ ನಿಯಮವೇ ಸೇರಿತು. ಲಿನಕ್ಸ್ ಕರ್ನಲ್ ಮಾತ್ರ ಎರಡನೇ ಆವೃತ್ತಿಯಲ್ಲೇ ಉಳಿಯಿತು. ಓಪನ್ ಸೋರ್ಸ್ ಬಗ್ಗೆ ಸೆಮಿನಾರ್ ಕೊಡೋರು ಲೈಸೆನ್ಸುಗಳ ಪಟ್ಟಿ ಓದಿ ಮುಗಿಸುತ್ತಾರೆ. ಆ ಪಟ್ಟಿಯ ಒಂದು ಸಾಲಿನ ಹಿಂದೆ ಇರೋದು ಟಿವಿ ರೆಕಾರ್ಡರಿನ ಜಗಳ ಅಂತ ಎಷ್ಟು ಜನ ಹೇಳಿದ್ದಾರೆ?

ಅದೇ ಹೊತ್ತಿಗೆ ಡಬ್ಬ ಬೇಡ, ನಾವೇ ಮಾಡ್ಕೊಳ್ತೀವಿ ಅಂತ ಹೊರಟವರೂ ಇದ್ದರು. ಜರ್ಮನಿಯಲ್ಲಿ ಕ್ಲಾಸ್ ಶ್ಮಿಡಿಂಗರ್ ವಿಡಿಆರ್ ಬರೆದರು. 2002ರಲ್ಲಿ ಐಸಾಕ್ ರಿಚರ್ಡ್ಸ್ ಮಿಥ್‌ಟಿವಿ ಶುರು ಮಾಡಿದರು. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕೆ ಅಂತ ಬರೆದ ಎಕ್ಸ್‌ಬಿಎಂಸಿ ಮುಂದೆ ಎಲ್ಲ ಕಡೆ ಹಬ್ಬಿ 2014ರಲ್ಲಿ ಕೋಡಿ ಎಂಬ ಹೆಸರು ಪಡೆಯಿತು. ಇವೆಲ್ಲ ಈಗಲೂ ಸಿಗುತ್ತವೆ. ಇದೇ ಕೆಲಸ ಮಾಡುತ್ತಿದ್ದ ವಿಂಡೋಸ್ ಮೀಡಿಯಾ ಸೆಂಟರ್ ಮಾತ್ರ 2015ರಲ್ಲಿ ವಿಂಡೋಸ್ 10 ಬಂದಾಗ ಮಾಯವಾಯಿತು. ಅದನ್ನು ನಂಬಿ ಪಿಸಿ ಕಟ್ಟಿಕೊಂಡಿದ್ದವರು ಹೊಸ ವಿಂಡೋಸ್ ಹಾಕ್ಕೊಂಡ ದಿನ ತಮ್ಮ ಟಿವಿ ಕಳಕೊಂಡರು. ಕೋಟ್ಯಂತರ ಡಾಲರಿನ ಕಂಪನಿ ಕೈ ಬಿಟ್ಟ ಕೆಲಸವನ್ನು ಬಿಡುವಿನ ವೇಳೆಯಲ್ಲಿ ಕೋಡ್ ಬರೆಯುವವರು ಮುಂದುವರಿಸಿಕೊಂಡು ಬಂದಿದ್ದಾರೆ.

ನಮ್ಮ ಕಡೆ ಏನಾಯ್ತು

ಇಲ್ಲಿ ಟಿವಿ ಕಾರ್ಡ್ ಅಂದರೆ ಬಹಳ ಕಾಲ ಅನಲಾಗ್ ಕಾರ್ಡೇ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗುತ್ತಿದ್ದ ಪಿಸಿಐ ಕಾರ್ಡುಗಳ ಡಬ್ಬದ ಮೇಲೆ ಏನೇ ಹೆಸರಿದ್ದರೂ, ಒಳಗೆ ಇರುತ್ತಿದ್ದದ್ದು ಹೆಚ್ಚಾಗಿ ಬಿಟಿ878 ಅಥವಾ ಫಿಲಿಪ್ಸ್‌ನ ಎಸ್‌ಎಎ7134 ಬಳಗದ ಚಿಪ್ಪು. ಎರಡಕ್ಕೂ ಲಿನಕ್ಸಿನಲ್ಲಿ ಡ್ರೈವರ್ ಇತ್ತು. ಚಿಪ್ಪು ಒಂದೇ ಆದರೂ ಬೋರ್ಡಿನ ವೈರಿಂಗ್ ಬೇರೆ ಬೇರೆ. ಹಾಗಾಗಿ ಬಿಟಿಟಿವಿ ಡ್ರೈವರಿನ ಜೊತೆ ಬರುವ ಕಾರ್ಡುಗಳ ಪಟ್ಟಿಯಲ್ಲಿ ನೂರೈವತ್ತಕ್ಕೂ ಹೆಚ್ಚು ನಂಬರುಗಳಿವೆ. ನಿಮ್ಮ ಕಾರ್ಡ್ ತಾನಾಗಿ ಗುರುತಾಗದಿದ್ದರೆ ಆ ಪಟ್ಟಿಯಿಂದ ಒಂದೊಂದೇ ನಂಬರ್ ಕೊಟ್ಟು ನೋಡೋದು. ಚಿತ್ರ ಬಂದು ಧ್ವನಿ ಬರದಿದ್ದರೆ, ಕಾರ್ಡಿನಿಂದ ಸೌಂಡ್ ಕಾರ್ಡಿನ ಲೈನ್ ಇನ್‌ಗೆ ಒಂದು ಪುಟ್ಟ ವೈರ್ ಎಳೆಯೋದು.

ಆ ಕಾಲದ ತೊಂದರೆ ಏನು ಅಂತ ಒಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ನಮ್ಮದು ಪಾಲ್ ಪದ್ಧತಿ. ಒಂದು ಚೌಕಟ್ಟಿಗೆ 720 × 576 ಪಿಕ್ಸೆಲ್, ಸೆಕೆಂಡಿಗೆ 25 ಚೌಕಟ್ಟು, ಪಿಕ್ಸೆಲ್ಲಿಗೆ 2 ಬೈಟ್. ಗುಣಿಸಿ ನೋಡಿ, ಸೆಕೆಂಡಿಗೆ ಸುಮಾರು 20.7 ಎಂಬಿ, ಗಂಟೆಗೆ ಸುಮಾರು 75 ಜಿಬಿ. ಅಷ್ಟನ್ನು ಕಂಪ್ರೆಸ್ ಮಾಡೋ ಕೆಲಸ ಬಡಪಾಯಿ ಸಿಪಿಯು ತಲೆ ಮೇಲೆ. ಅದಕ್ಕೇ ಹಾಪಾಜ್ ಕಂಪನಿಯ ಪಿವಿಆರ್-150 ಥರದ ಕಾರ್ಡುಗಳಿಗೆ ಅಷ್ಟು ಬೆಲೆ. ಅವು ಎಂಪೆಗ್-2 ಎನ್‌ಕೋಡಿಂಗನ್ನು ಕಾರ್ಡಿನ ಮೇಲೇ ಮಾಡುತ್ತಿದ್ದವು.

ಆಮೇಲೆ ಕೇಬಲ್ ಡಿಜಿಟಲ್ ಆಯಿತು. 2011ರ ಕೇಬಲ್ ಟಿವಿ ತಿದ್ದುಪಡಿ ಕಾಯ್ದೆಯ ಪ್ರಕಾರ ಮೊದಲ ಹಂತದಲ್ಲಿ ನಾಲ್ಕು ಮಹಾನಗರಗಳು, 2013ರ ಮಾರ್ಚ್ 31ರ ಗಡುವಿನ ಎರಡನೇ ಹಂತದಲ್ಲಿ 38 ನಗರಗಳು. ಈ ಎರಡನೇ ಪಟ್ಟಿಯಲ್ಲಿ ನಮ್ಮ ಬೆಂಗಳೂರು, ಮೈಸೂರು ಎರಡೂ ಇದ್ದವು. ಕೇಬಲ್ಲನ್ನು ನೇರವಾಗಿ ಕಾರ್ಡಿಗೆ ಚುಚ್ಚಿ ನೋಡುವ ಕಾಲ ಅಲ್ಲಿಗೆ ಮುಗಿಯಿತು. ಮಧ್ಯೆ ಸೆಟ್ ಟಾಪ್ ಬಾಕ್ಸ್ ಬಂದು ಕೂತಿತು. ಸಿಗ್ನಲ್ಲಿಗೆ ಬೀಗ ಬಿತ್ತು. ಚಿತ್ರ ಚೆನ್ನಾಯಿತು, ಒಪ್ಪೋಣ. ಆದರೆ ಬಹಳ ಜನ ಟಿವಿ ಕಾರ್ಡನ್ನು ಅಟ್ಟಕ್ಕೆ ಹಾಕಿದ್ದು ಆಗಲೇ. “ಟಿವಿ ಕಾರ್ಡ್ ಸತ್ತೋಯ್ತು” ಅನ್ನೋ ಮಾತು ಹುಟ್ಟಿದ್ದೂ ಆಗಲೇ.

ಸತ್ತಿದ್ದು ಅನಲಾಗ್ ಕಾರ್ಡ್. ಡಿಜಿಟಲ್ ಕಾರ್ಡಿಗೆ ಕೆಲಸ ಇನ್ನೂ ಇದೆ.

ತಲೆ ಮೇಲೇ ಇರುವ ಬೀಗವಿಲ್ಲದ ಸಿಗ್ನಲ್

ದೂರದರ್ಶನದ ಡಿಟಿಎಚ್ ಸೇವೆ 2004ರ ಡಿಸೆಂಬರಿನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಅಂತ ಶುರುವಾಯಿತು. ಈಗ ಅದರ ಹೆಸರು ಡಿಡಿ ಫ್ರೀ ಡಿಶ್. ತಿಂಗಳ ಬಾಡಿಗೆ ಇಲ್ಲ. ಸಿಗ್ನಲ್ ಬರೋದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಇಸ್ರೋದ ಜಿಸ್ಯಾಟ್-15ರಿಂದ. ನಮ್ಮ ಚಂದನ ವಾಹಿನಿ ಅದರಲ್ಲಿದೆ. 2017ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಶುರು ಮಾಡಿದ ಸ್ವಯಂ ಪ್ರಭಾದ 32 ಪಾಠದ ವಾಹಿನಿಗಳೂ ಇದೇ ಉಪಗ್ರಹದಿಂದಲೇ ಬಂದವು. ನಾವು ಪರೀಕ್ಷೆಯ ಹಿಂದಿನ ರಾತ್ರಿ ಡಬಲ್ ಸ್ಪೀಡಲ್ಲಿ ನೋಡುವ ಎನ್‌ಪಿಟೆಲ್ ಪಾಠಗಳು ಆಕಾಶದಿಂದಲೂ ಸುರಿಯುತ್ತವೆ, ಡೇಟಾ ಪ್ಯಾಕ್ ಬೇಡವೇ ಬೇಡ.

ಬೇಕಾಗಿರೋದು ಒಂದು 60 ಸೆಂಟಿಮೀಟರಿನ ಸುತ್ತಮುತ್ತಲಿನ ಡಿಶ್, ಒಂದು ಕೆಯು ಬ್ಯಾಂಡ್ ಎಲ್‌ಎನ್‌ಬಿ, ಕೋ-ಆಕ್ಸ್ ಕೇಬಲ್, ಮತ್ತು ಡಿವಿಬಿ-ಎಸ್ ಅಥವಾ ಎಸ್2 ಟ್ಯೂನರ್ ಇರುವ ಕಾರ್ಡು. ಹಳೇ ಪಿಸಿ ಇದ್ದರೆ ಸ್ಕೈಸ್ಟಾರ್ 2 ಥರದ ಪಿಸಿಐ ಕಾರ್ಡ್ ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕರೂ ಆಯಿತು, ಅದರ ಡ್ರೈವರ್ ಕರ್ನಲ್ಲಿನೊಳಗೇ ಇದೆ. ಆದರೆ ಅದು ಡಿವಿಬಿ-ಎಸ್ ಮಾತ್ರ, ಎಸ್2 ಸಿಗ್ನಲ್ ಬೇಕಾದರೆ ಹೊಸ ಕಾರ್ಡೇ ಬೇಕು.

ಸಿಲೆಬಸ್ ಎಲ್ಲಿದೆ ಅಂತೀರಾ?

ಈಗ ನನ್ನ ಮೊದಲ ಕಾರಣಕ್ಕೆ ಬರ್ತೀನಿ. ಈ ಡಿಶ್‌ನಿಂದ ಪರದೆಯವರೆಗೆ ನಡೆದುಕೊಂಡು ಬಂದರೆ ದಾರಿಯುದ್ದಕ್ಕೂ ನಮ್ಮ ಸಿಲೆಬಸ್ಸೇ ಬಿದ್ದಿದೆ.

ಡಿಶ್ ತಿರುಗಿಸೋದರಿಂದಲೇ ಶುರು. ಬೆಂಗಳೂರಿನ ಅಕ್ಷಾಂಶ ಸುಮಾರು 13, ರೇಖಾಂಶ 77.6. ಉಪಗ್ರಹ 93.5ರಲ್ಲಿ. ಗೋಳದ ತ್ರಿಕೋನಮಿತಿ ಹಾಕಿದರೆ ಅಜಿಮತ್ ಉತ್ತರದಿಂದ ಸುಮಾರು 128 ಡಿಗ್ರಿ, ಅಂದರೆ ಆಗ್ನೇಯ ದಿಕ್ಕು. ಎಲಿವೇಶನ್ ಸುಮಾರು 66 ಡಿಗ್ರಿ. ಡಿಶ್ ಹಾಕುವ ಅಣ್ಣ ಇದನ್ನು ಪಕ್ಕದ ಮನೆ ಡಿಶ್ ನೋಡಿ ಐದು ನಿಮಿಷದಲ್ಲಿ ಮಾಡುತ್ತಾನೆ. ನೀವು ಕಾಗದದ ಮೇಲೆ ಲೆಕ್ಕ ಹಾಕಿ, ಫೋನಿನ ಕಂಪಾಸ್ ಹಿಡಿದು ಮಾಡಿ. ಅರ್ಧ ದಿನ ಹಿಡಿಯಲಿ, ಪರವಾಗಿಲ್ಲ.

ಮುಂದೆ ಎಲ್‌ಎನ್‌ಬಿ. 11,500 ಮೆಗಾಹರ್ಟ್ಸ್ ಸಿಗ್ನಲ್ಲನ್ನು ಹಾಗೇ ಕೋ-ಆಕ್ಸ್ ಕೇಬಲ್ಲಿನಲ್ಲಿ ಕೆಳಗೆ ಇಳಿಸಿದರೆ ದಾರಿಯಲ್ಲೇ ಸೋರಿ ಹೋಗುತ್ತದೆ. ಅದಕ್ಕೇ ಎಲ್‌ಎನ್‌ಬಿ ಒಳಗಿನ 9,750ರ ಲೋಕಲ್ ಆಸಿಲೇಟರ್ ಜೊತೆ ಬೆರೆಸಿ 1,750 ಮೆಗಾಹರ್ಟ್ಸಿಗೆ ಇಳಿಸುತ್ತಾರೆ. ಇದು ಸೂಪರ್‌ಹೆಟರೊಡೈನ್, ಲ್ಯಾಬಲ್ಲಿ ರೇಡಿಯೋ ಕಿಟ್ಟಿನ ಮೇಲೆ ನೋಡಿದ್ದೇ. ಕಾರ್ಡು ಅದೇ ಕೇಬಲ್ಲಿನಲ್ಲಿ ಮೇಲಕ್ಕೆ 13 ವೋಲ್ಟ್ ಕಳಿಸಿದರೆ ಒಂದು ಪೋಲರೈಸೇಶನ್, 18 ವೋಲ್ಟ್ ಕಳಿಸಿದರೆ ಇನ್ನೊಂದು. 22 ಕಿಲೋಹರ್ಟ್ಸ್ ಟೋನ್ ಹಾಕಿದರೆ ಎಲ್‌ಎನ್‌ಬಿ ಮೇಲಿನ ಬ್ಯಾಂಡಿಗೆ ಹೊರಳುತ್ತದೆ. ಒಂದೇ ವೈರಲ್ಲಿ ಸಿಗ್ನಲ್ ಕೆಳಗೆ, ಕರೆಂಟ್ ಮೇಲೆ, ಆಜ್ಞೆ ಮೇಲೆ. ಇಷ್ಟು ಅಚ್ಚುಕಟ್ಟಾದ ಎಂಜಿನಿಯರಿಂಗನ್ನು ನಾವು ತಲೆ ಎತ್ತಿಯೂ ನೋಡೋದಿಲ್ಲ.

ಕಾರ್ಡಿನೊಳಗೆ ಡಿಜಿಟಲ್ ಕಮ್ಯುನಿಕೇಶನ್ ಪುಸ್ತಕದ ಅರ್ಧ ಇದೆ. ಡಿವಿಬಿ-ಎಸ್‌ನಲ್ಲಿ ಕ್ಯುಪಿಎಸ್‌ಕೆ, ಅಂದರೆ ಸಿಂಬಲ್ಲಿಗೆ 2 ಬಿಟ್. ಸೆಕೆಂಡಿಗೆ 27.5 ಮಿಲಿಯನ್ ಸಿಂಬಲ್, ಎಫ್‌ಇಸಿ ನಾಲ್ಕರಲ್ಲಿ ಮೂರು, ರೀಡ್ ಸಾಲೊಮನ್ 204ಕ್ಕೆ 188 ಅಂತ ಇಟ್ಟುಕೊಂಡರೆ ಕೈಗೆ ಸಿಗುವ ಡೇಟಾ ಸೆಕೆಂಡಿಗೆ ಸುಮಾರು 38 ಮೆಗಾಬಿಟ್. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಹಾಕುವ ಲೆಕ್ಕ ಇದು. ಇಲ್ಲಿ ಅದೇ ಲೆಕ್ಕ ಟಿವಿಯಾಗಿ ಓಡುತ್ತದೆ. ಮಳೆ ಶುರುವಾದ ಕೂಡಲೇ ಸ್ಕ್ರೀನಿನ ಮೇಲೆ ಸಿಗ್ನಲ್ ಟು ನಾಯ್ಸ್ ಇಳಿಯೋದು, ಬಿಟ್ ಎರರ್ ಏರೋದು, ಒಂದು ಹಂತದವರೆಗೆ ರೀಡ್ ಸಾಲೊಮನ್ ತಡೆದುಕೊಂಡು ಆಮೇಲೆ ಚಿತ್ರ ಒಮ್ಮೆಗೇ ಚೂರುಚೂರಾಗೋದು, ಇದನ್ನೆಲ್ಲ ಕಣ್ಣಾರೆ ನೋಡಬಹುದು. ಸೆಟ್ ಟಾಪ್ ಬಾಕ್ಸಿನವನು ಇದನ್ನು ಎರಡು ಬಣ್ಣದ ಪಟ್ಟಿಯಾಗಿ ತೋರಿಸಿ ಸುಮ್ಮನಾಗುತ್ತಾನೆ. ಲಿನಕ್ಸು ನಂಬರ್ ಕೊಡುತ್ತದೆ.

ಕಾರ್ಡಿನಿಂದ ಈಚೆ ಬಂದರೆ ಆಪರೇಟಿಂಗ್ ಸಿಸ್ಟಮ್ ಪಾಠ. ಯೂನಿಕ್ಸಿನಲ್ಲಿ ಎಲ್ಲವೂ ಫೈಲ್ ಅಂತ ಓದಿರುತ್ತೇವೆ. ಡೆವ್ ಡೈರೆಕ್ಟರಿಯೊಳಗೆ ಡಿವಿಬಿ, ಅದರೊಳಗೆ ಅಡಾಪ್ಟರ್ 0, ಅದರೊಳಗೆ ಫ್ರಂಟ್‌ಎಂಡ್, ಡೀಮಕ್ಸ್, ಡಿವಿಆರ್ ಎಂಬ ಫೈಲುಗಳು. ಮೊದಲನೆಯದಕ್ಕೆ ಯಾವ ಫ್ರೀಕ್ವೆನ್ಸಿ ಅಂತ ಹೇಳಬೇಕು, ಎರಡನೆಯದಕ್ಕೆ ಯಾವ ವಾಹಿನಿ ಬೇಕು ಅಂತ ಹೇಳಬೇಕು, ಮೂರನೆಯದರಿಂದ ಕ್ಯಾಟ್ ಕಮಾಂಡಲ್ಲಿ ಓದಿ ಡಿಸ್ಕಿಗೆ ಬರೆದರೆ ಮುಗೀತು, ಚಂದನದ ವಾರ್ತೆ ರೆಕಾರ್ಡ್ ಆಯಿತು. ಆ ಫೈಲನ್ನು ಹೆಕ್ಸ್ ಎಡಿಟರಲ್ಲಿ ತೆಗೆದು ನೋಡಿ. ಪ್ರತಿ 188 ಬೈಟಿಗೊಮ್ಮೆ 47 ಕಾಣಿಸುತ್ತದೆ. ಅದು ಸಿಂಕ್ ಬೈಟ್. ಅದರ ಹಿಂದೆಯೇ 13 ಬಿಟ್ಟಿನ ಪಿಐಡಿ, ಈ ಪ್ಯಾಕೆಟ್ ಯಾರದ್ದು ಅಂತ ಹೇಳುವ ವಿಳಾಸ. ನೂರು ಸಾಲಿನ ಸಿ ಅಥವಾ ಪೈಥಾನ್ ಪ್ರೋಗ್ರಾಮ್ ಬರೆದು ಚಿತ್ರ ಬೇರೆ, ಧ್ವನಿ ಬೇರೆ ಮಾಡಬಹುದು. ಯಾರೂ ಕೇಳದ “ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್” ಅನ್ನು ಹತ್ತನೇ ಸಲ ಬರೆಯೋದಕ್ಕಿಂತ ಈ ಮಿನಿ ಪ್ರಾಜೆಕ್ಟ್ ಎಷ್ಟೋ ಮೇಲು.

ಅನಲಾಗ್ ಕಾಲದ ಆ 75 ಜಿಬಿ ತಲೆನೋವು ಕೂಡ ಇಲ್ಲಿಲ್ಲ. ಸ್ಟ್ರೀಮ್ ಕಂಪ್ರೆಸ್ ಆಗೇ ಬರುತ್ತದೆ. ಸೆಕೆಂಡಿಗೆ 4 ಮೆಗಾಬಿಟ್ಟಿನ ವಾಹಿನಿಯಾದರೆ ಗಂಟೆಗೆ 1.8 ಜಿಬಿ ಅಷ್ಟೇ. ಇನ್ನೊಂದು ಮಜಾ ಇದೆ. ಒಂದು ಟ್ಯೂನರ್ ಹಿಡಿಯೋದು ಒಂದು ವಾಹಿನಿಯನ್ನಲ್ಲ, ಆ 38 ಮೆಗಾಬಿಟ್ಟಿನ ಇಡೀ ಹೊಳೆಯನ್ನು. ಅದೇ ಫ್ರೀಕ್ವೆನ್ಸಿಯಲ್ಲಿರುವ ಎಲ್ಲ ವಾಹಿನಿಗಳನ್ನೂ ಒಂದೇ ಕಾರ್ಡ್ ಒಟ್ಟಿಗೆ ಕೊಡುತ್ತದೆ. ಟಿವಿಹೆಡ್‌ಎಂಡ್ ಎಂಬ ಸರ್ವರ್ ಹಾಕಿದರೆ ಒಬ್ಬ ಕ್ರಿಕೆಟ್, ಒಬ್ಬ ವಾರ್ತೆ, ಒಬ್ಬ ಸಿನಿಮಾ ಅಂತ ತಮ್ಮ ತಮ್ಮ ಲ್ಯಾಪ್‌ಟಾಪಲ್ಲಿ ಲ್ಯಾನ್ ಮೂಲಕ ನೋಡಬಹುದು. ಇಂಟರ್ನೆಟ್ ಬೇಕಿಲ್ಲ.

ರಿಮೋಟಿಗೂ ದುಡ್ಡು ಕೊಡಬೇಕಿಲ್ಲ. ಲ್ಯಾಬ್ ಡ್ರಾಯರಿನಲ್ಲಿ ಸದಾ ಬಿದ್ದಿರುವ ಟಿಎಸ್‌ಒಪಿ 1738 ಒಂದನ್ನು ರಾಸ್ಪ್‌ಬೆರಿ ಪೈ ಜಿಪಿಐಒ ಪಿನ್ನಿಗೆ ಜೋಡಿಸಿದರೆ ಮನೆಯಲ್ಲಿರುವ ಯಾವುದೋ ಹಳೇ ರಿಮೋಟೇ ಸಾಕು. ಒತ್ತಿದ ಗುಂಡಿ ಯಾವ ಕೋಡ್ ಕಳಿಸಿತು ಅಂತ ಕರ್ನಲ್ ಹೇಳುತ್ತದೆ, ಯಾವ ಕೋಡಿಗೆ ಯಾವ ಕೆಲಸ ಅಂತ ನೀವು ಬರೆದುಕೊಳ್ಳೋದು.

ರೆಕಾರ್ಡ್ ಮಾಡಿದ್ದು ಯಾರದ್ದು?

ಎರಡನೇ ಕಾರಣ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ.

ನಮ್ಮ ಮನೆಯಲ್ಲಿ ರೆಕಾರ್ಡ್ ಮಾಡುವ ಸೌಲಭ್ಯದ ಒಂದು ಡಿಟಿಎಚ್ ಬಾಕ್ಸ್ ಇತ್ತು. ಯಾವ ಕಂಪನಿ ಅನ್ನೋದು ಬೇಡ. ಅಜ್ಜ ಅದರಲ್ಲಿ ತಾಳಮದ್ದಳೆ, ಯಕ್ಷಗಾನ, ಒಂದಷ್ಟು ಸಂದರ್ಶನ ಅಂತ ಎರಡು ವರ್ಷ ಕೂಡಿಸಿಟ್ಟಿದ್ದರು. ಒಂದು ದಿನ ಬಾಕ್ಸ್ ಕೆಟ್ಟಿತು. ಬಂದ ಹುಡುಗ ಒಳ್ಳೆಯವನೇ, ಹೊಸ ಬಾಕ್ಸ್ ಕೊಟ್ಟ. ಪೆನ್‌ಡ್ರೈವಿನಲ್ಲಿದ್ದ ರೆಕಾರ್ಡಿಂಗ್ ಹೊಸ ಬಾಕ್ಸಿನಲ್ಲಿ ಓಡಲಿಲ್ಲ. ಕಂಪ್ಯೂಟರಲ್ಲೂ ಓಡಲಿಲ್ಲ. “ಸಾರ್, ಅದು ಹಳೇ ಬಾಕ್ಸಲ್ಲಿ ಮಾತ್ರ ಆಡುತ್ತೆ, ಲಾಕ್ ಇರುತ್ತೆ” ಅಂದ. ಪೆನ್‌ಡ್ರೈವ್ ನಮ್ಮದು, ಕರೆಂಟ್ ನಮ್ಮದು, ತಿಂಗಳ ದುಡ್ಡು ನಮ್ಮದು. ಬೀಗದ ಕೈ ಮಾತ್ರ ಕೆಟ್ಟುಹೋದ ಬಾಕ್ಸಿನೊಳಗೆ.

ಇದು ಒಬ್ಬ ಅಜ್ಜನ ಸಮಸ್ಯೆಯಲ್ಲ. ಕಂಪನಿ ಬದಲಾಯಿಸಿದರೆ ಬಾಕ್ಸೂ ಬದಲಾಯಿಸಬೇಕು ಅನ್ನುವ ಸ್ಥಿತಿ ಸರಿಯಲ್ಲ ಅಂತ ಟ್ರಾಯ್ ಕೂಡ ಹೇಳಿದೆ. ಎಲ್ಲ ಸೆಟ್ ಟಾಪ್ ಬಾಕ್ಸುಗಳೂ ಎಲ್ಲ ಕಂಪನಿಗಳಿಗೂ ಹೊಂದುವಂತಿರಬೇಕು ಅಂತ 2020ರ ಏಪ್ರಿಲ್‌ನಲ್ಲಿ ಅದು ಶಿಫಾರಸು ಮಾಡಿತು. ಮೊಬೈಲ್ ನಂಬರನ್ನೇ ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗುವ ನಾವು, ಟಿವಿ ಡಬ್ಬದ ವಿಷಯದಲ್ಲಿ ಮಾತ್ರ ಸುಮ್ಮನಿದ್ದೇವೆ.

ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಸೆಕ್ಷನ್ ಓದಿ. ಸ್ವಂತ ಬಳಕೆಗಾಗಿ, ಅಥವಾ ಪ್ರಾಮಾಣಿಕವಾಗಿ ಬೋಧನೆ, ಸಂಶೋಧನೆಗಾಗಿ ಮಾತ್ರ ಮಾಡಿಕೊಂಡ ರೆಕಾರ್ಡಿಂಗ್ ಪ್ರಸಾರಕರ ಹಕ್ಕಿನ ಉಲ್ಲಂಘನೆ ಆಗುವುದಿಲ್ಲ ಅಂತ ಅಲ್ಲಿದೆ. ಅಂದರೆ ಕಾಯ್ದೆ ಕೊಟ್ಟ ಅವಕಾಶವನ್ನು ಡಬ್ಬ ಕಿತ್ತುಕೊಳ್ಳುತ್ತಿದೆ. ಟಿವಿ ಕಾರ್ಡ್ ಅದನ್ನು ವಾಪಸ್ ಕೊಡುತ್ತದೆ. ಆದರೆ ಒಂದು ಮಾತು ನೆನಪಿರಲಿ: ಹಾಗೆ ಮಾಡಿಕೊಂಡದ್ದನ್ನು ಯೂಟ್ಯೂಬಿಗೆ ಏರಿಸೋದು, ಟೆಲಿಗ್ರಾಮಲ್ಲಿ ಹಂಚೋದು ಇದರಲ್ಲಿ ಬರುವುದಿಲ್ಲ. ದುಡ್ಡು ಕೊಡಬೇಕಾದ ವಾಹಿನಿಯ ಬೀಗ ಒಡೆಯೋದಂತೂ ಬರುವುದೇ ಇಲ್ಲ. ಕಾರ್ಡಿನ ಪರ ವಾದ ಮಾಡುವವನು ಕಳ್ಳತನದ ಪರ ವಾದ ಮಾಡಬೇಕಾಗಿಲ್ಲ.

“ಚಂದನದ ಕಾರ್ಯಕ್ರಮ ಯೂಟ್ಯೂಬಲ್ಲೇ ಇರುತ್ತಲ್ಲ?” ಅಂತ ಕೇಳ್ತೀರಿ. ಎಷ್ಟೋ ಇವೆ, ಸಂತೋಷ. ನಾ. ಸೋಮೇಶ್ವರ ಅವರ “ಥಟ್ ಅಂತ ಹೇಳಿ” ಸಾವಿರಾರು ಕಂತು ದಾಟಿರುವ ಕಾರ್ಯಕ್ರಮ. ಆದರೆ ಯೂಟ್ಯೂಬಿನಲ್ಲಿ ಯಾವುದು ಇರಬೇಕು, ಎಷ್ಟು ದಿನ ಇರಬೇಕು ಅನ್ನೋದು ನಿಮ್ಮ ಕೈಲಿಲ್ಲ. ಓಟಿಟಿಯಲ್ಲಿ ಹೋದ ತಿಂಗಳು ಇದ್ದ ಸಿನಿಮಾ ಈ ತಿಂಗಳು ಇಲ್ಲದಿರೋದು ಎಲ್ಲರಿಗೂ ಗೊತ್ತಿರುವ ಅನುಭವ. ನಿಮ್ಮ ಊರಿನ ಕಲಾವಿದರೊಬ್ಬರು ಹತ್ತು ನಿಮಿಷ ಬಂದು ಹೋದ ಕಾರ್ಯಕ್ರಮವನ್ನು ನಿಮಗೋಸ್ಕರ ಯಾರೂ ಎತ್ತಿಡುವುದಿಲ್ಲ. ಬೇಕಾದರೆ ನೀವೇ ಎತ್ತಿಟ್ಟುಕೊಳ್ಳಬೇಕು.

ವಿರೋಧದ ಮಾತುಗಳು, ನಿಜವಾದವು

ಇದರಲ್ಲಿ ಕಷ್ಟ ಇಲ್ಲ ಅಂದರೆ ಸುಳ್ಳಾಗುತ್ತದೆ.

ಒಂದು, ದುಡ್ಡು. ಫ್ರೀ ಡಿಶ್ ನೋಡೋದೇ ಗುರಿಯಾದರೆ ಅಂಗಡಿಯಲ್ಲಿ ಸಿಗುವ ಸೆಟ್ ಟಾಪ್ ಬಾಕ್ಸ್ ಒಳ್ಳೇ ಟಿವಿ ಕಾರ್ಡಿಗಿಂತ ಅಗ್ಗ. ವಿದ್ಯುತ್ತೂ ಲೆಕ್ಕ ಹಾಕಿ. 40 ವ್ಯಾಟ್ ಎಳೆಯುವ ಪಿಸಿ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಸುಮಾರು 29 ಯುನಿಟ್. ಅದಕ್ಕೇ ರೆಕಾರ್ಡಿಂಗ್ ಇಲ್ಲದಾಗ ಮಲಗಿಸಿ, ಸಮಯಕ್ಕೆ ಸರಿಯಾಗಿ ಆರ್‌ಟಿಸಿ ಅಲಾರಂ ಹಾಕಿ ಎಬ್ಬಿಸುವ ವ್ಯವಸ್ಥೆ ಮಾಡಿಕೊಳ್ಳಬೇಕು. ಅಥವಾ ಪಿಸಿ ಬದಲು ರಾಸ್ಪ್‌ಬೆರಿ ಪೈ ಮತ್ತು ಯುಎಸ್‌ಬಿ ಟ್ಯೂನರ್.

ಎರಡು, ವಾಹಿನಿಗಳು. ದುಡ್ಡು ಕೊಟ್ಟು ನೋಡುವ ಎಚ್‌ಡಿ ವಾಹಿನಿಗಳು ಈ ಯಂತ್ರದಲ್ಲಿ ಬರುವುದಿಲ್ಲ. ಐಪಿಎಲ್‌ಗಾಗಿ ಇದನ್ನು ಕಟ್ಟಲು ಹೊರಟಿದ್ದರೆ ಈಗಲೇ ನಿಲ್ಲಿಸಿ.

ಮೂರು, ಡ್ರೈವರ್. ಇದೇ ದೊಡ್ಡ ಗೋಳು. ಒಂದೇ ಮಾಡೆಲ್ ಹೆಸರಲ್ಲಿ ಕಂಪನಿಯವರು ಸದ್ದಿಲ್ಲದೆ ಒಳಗಿನ ಚಿಪ್ಪು ಬದಲಾಯಿಸುತ್ತಾರೆ. ಹಾಗಾಗಿ ಬ್ರ್ಯಾಂಡ್ ಕೇಳಬೇಡಿ, ಚಿಪ್ ಕೇಳಿ. ಡಿಮಾಡ್ಯುಲೇಟರ್ ಯಾವುದು, ಟ್ಯೂನರ್ ಯಾವುದು, ಅದರ ಡ್ರೈವರ್ ಕರ್ನಲ್ಲಿನೊಳಗೇ ಇದೆಯೋ ಅಥವಾ ಕಂಪನಿಯ ಸೈಟಿಂದ ತಂದು ಪ್ರತಿ ಅಪ್‌ಡೇಟಿಗೂ ಕಂಪೈಲ್ ಮಾಡಬೇಕೋ, ಫರ್ಮ್‌ವೇರ್ ಫೈಲ್ ಬೇರೆ ಬೇಕೋ, ಇಷ್ಟು ತಿಳಿಯದೆ ದುಡ್ಡು ಬಿಚ್ಚಬೇಡಿ. ಕರ್ನಲ್ಲಿನೊಳಗೆ ಡ್ರೈವರ್ ಇರುವ ಹಳೇ ಕಾರ್ಡು, ಸಿಡಿಯಲ್ಲಿ ಡ್ರೈವರ್ ಕೊಡುವ ಹೊಸ ಕಾರ್ಡಿಗಿಂತ ಮೇಲು.

ಮತ್ತೆ ಈ ಗೋಳಿನಿಂದಲೇ ಏನು ಹುಟ್ಟುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ಹೇಳಿಬಿಡ್ತೀನಿ. ಆರ್‌ಟಿಎಲ್2832ಯು ಅಂತ ಒಂದು ಚಿಪ್. ಯುರೋಪಿನಲ್ಲಿ ಟಿವಿ ನೋಡೋದಕ್ಕೆ ಮಾಡಿದ ಅಗ್ಗದ ಯುಎಸ್‌ಬಿ ಕಡ್ಡಿಗಳಲ್ಲಿ ಇರುತ್ತಿತ್ತು. 2012ರಲ್ಲಿ ಲಿನಕ್ಸ್ ಟಿವಿ ಡ್ರೈವರುಗಳನ್ನು ಬರೆಯುವ ಆಂಟಿ ಪಲೋಸಾರಿ, ಈ ಚಿಪ್ಪು ಡಿಮಾಡ್ಯುಲೇಟ್ ಮಾಡದ ಕಚ್ಚಾ ಸ್ಯಾಂಪಲ್ಲುಗಳನ್ನೂ ಯುಎಸ್‌ಬಿ ಮೂಲಕ ಹೊರಗೆ ಕೊಡಬಲ್ಲದು ಅಂತ ಕಂಡುಕೊಂಡರು. ಆಸ್ಮೋಕಾಮ್ ಬಳಗದವರು ಅದಕ್ಕೆ ಸಾಫ್ಟ್‌ವೇರ್ ಬರೆದರು. ಟಿವಿ ಕಡ್ಡಿ ಸಾಫ್ಟ್‌ವೇರ್ ರೇಡಿಯೋ ಆಯಿತು. ಇವತ್ತು ಎಷ್ಟೋ ಕಾಲೇಜುಗಳ ಇ ಅಂಡ್ ಸಿ ಲ್ಯಾಬಿನಲ್ಲಿ 1,090 ಮೆಗಾಹರ್ಟ್ಸಿನಲ್ಲಿ ವಿಮಾನಗಳು ಕೂಗಿ ಹೇಳುವ ತಮ್ಮ ಜಾಗ, ಎತ್ತರ ಹಿಡಿಯೋದು ಇದೇ ಆರ್‌ಟಿಎಲ್-ಎಸ್‌ಡಿಆರ್‌ನಿಂದ. ಇದಕ್ಕೆ ಮೂಲ ಕಂಪನಿಯ ದೊಡ್ಡ ಯೋಜನೆಯಲ್ಲ. “ನನ್ನ ಟಿವಿ ಕಡ್ಡಿ ಲಿನಕ್ಸಲ್ಲಿ ಪೂರ್ತಿ ಕೆಲಸ ಮಾಡ್ತಿಲ್ವಲ್ಲ” ಅಂತ ಒಳಗೆ ಇಣುಕಿದವರ ಹಟ.

ಹಾಗಾದರೆ ಏನು ಮಾಡೋಣ?

ಒಬ್ಬೊಬ್ಬರೇ ಮಾಡೋದಕ್ಕಿಂತ ಒಟ್ಟಿಗೆ ಮಾಡೋದು ಒಳ್ಳೇದು. ನನ್ನ ಪ್ರಸ್ತಾಪ ಹೀಗಿದೆ. ಹಾಸ್ಟೆಲ್ ತಾರಸಿಯ ಮೇಲೆ ವಾರ್ಡನ್ ಒಪ್ಪಿಗೆ ಪಡೆದು ಒಂದು ಡಿಶ್. ಲ್ಯಾಬಿನವರು ತೆಗೆದುಹಾಕಿದ ಪಿಸಿಗಳಲ್ಲಿ ಒಂದು. ಹತ್ತು ಜನ ಪಾಲು ಹಾಕಿದರೆ ಆಗುವ ಒಂದು ಟ್ಯೂನರ್ ಕಾರ್ಡ್. ಅದಕ್ಕೊಂದು ಲಿನಕ್ಸ್, ಟಿವಿಹೆಡ್‌ಎಂಡ್, ಕಾಮನ್ ರೂಮಿನ ಟಿವಿಗೆ ಕೋಡಿ. ಡಿಶ್ ತಿರುಗಿಸುವ ಕೆಲಸ ಇ ಅಂಡ್ ಸಿಯವರಿಗೆ, ಸರ್ವರ್ ಕಂಪ್ಯೂಟರ್ ಸೈನ್ಸಿನವರಿಗೆ, ಡಿಶ್ ಗಾಳಿಗೆ ಅಲ್ಲಾಡದಂತೆ ಕಂಬ ನಿಲ್ಲಿಸುವ ಕೆಲಸ ಸಿವಿಲ್, ಮೆಕ್ಯಾನಿಕಲ್‌ನವರಿಗೆ. ಮಳೆಗಾಲ ಬರೋದರೊಳಗೆ ಮುಗಿಸಿದರೆ ಮಳೆಯಲ್ಲಿ ಸಿಗ್ನಲ್ ಎಷ್ಟು ಇಳಿಯಿತು ಅಂತ ದಿನಾ ಬರೆದಿಟ್ಟು ಅದನ್ನೇ ಒಂದು ಪ್ರಾಜೆಕ್ಟ್ ರಿಪೋರ್ಟ್ ಮಾಡಬಹುದು.

ಕೊನೆಯದಾಗಿ ಕನ್ನಡ ಸಂಘಕ್ಕೆ ಒಂದು ಕೆಲಸ. ಈ ಯಂತ್ರ ಕಟ್ಟುವಾಗ ಏನೇನು ಕೆಟ್ಟಿತು, ಹೇಗೆ ಸರಿಯಾಯಿತು, ಯಾವ ಚಿಪ್ಪು ಯಾವ ಕರ್ನಲ್ಲಿನಲ್ಲಿ ಓಡಿತು ಅನ್ನೋದನ್ನು ಹೆಜ್ಜೆ ಹೆಜ್ಜೆಯಾಗಿ ಕನ್ನಡದಲ್ಲೇ ಬರೆದಿಡೋಣ. ಇಂಗ್ಲಿಷಿನಲ್ಲಿ ಇಂಥ ಬರಹ ರಾಶಿ ಇದೆ. ಊರಲ್ಲಿ ಫ್ರೀ ಡಿಶ್ ಹಾಕಿಸಿಕೊಂಡು, ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡು, ಏನು ಮಾಡೋದು ಅಂತ ಗೊತ್ತಿಲ್ಲದ ಡಿಪ್ಲೊಮಾ ಹುಡುಗ ಹುಡುಗಿಯರಿಗೆ ಕನ್ನಡದಲ್ಲಿ ಸಿಕ್ಕರೆ ಅದರ ಉಪಯೋಗವೇ ಬೇರೆ.

ಡಿಶ್ ಎಲ್ಲಿ ಸಿಗುತ್ತೆ, ಹಳೇ ಪಿಸಿಗೆ ಯಾರನ್ನ ಕೇಳಬೇಕು ಅನ್ನೋದು ಆಮೇಲಿನ ಮಾತು. ಮೊದಲು ಬರೋರು ಯಾರ್ಯಾರು, ಕೈ ಎತ್ತಿ.